ಹನ್ನೊಂದು ಗಂಟೆಯ ಫೋನು

ಮಾತು ನುಂಗಿ ನುಂಗಿ ಬಾವಿಯಾಗಿದ್ದ ಒಬ್ಬಳು ಅಜ್ಜಿಯಿದ್ದಳು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಉದ್ದ ಹಲಗೆಯ ಮುಂದೆ ಕೂತು, ಒಂದು ತೂತಿನ ತಂತಿ ಕಿತ್ತು ಇನ್ನೊಂದಕ್ಕೆ ಸಿಕ್ಕಿಸುತ್ತ, ಊರವರನ್ನೆಲ್ಲ ಒಬ್ಬರಿಗೊಬ್ಬರು ಜೋಡಿಸಿದವಳು. ಯಾರ ಮದುವೆ ಮುರಿಯಿತು, ಯಾರ ಮಗ ಯಾವ ಆಸ್ಪತ್ರೆಯಲ್ಲಿದ್ದಾನೆ ಎಂಬುದು ಆ ಮನೆಯವರಿಗಿಂತ ಅರೆನಿಮಿಷ ಮೊದಲು ಅವಳ ಕಿವಿಗೆ ಬಿದ್ದಿದ್ದುಂಟು. ಒಂದೂ ಹೊರಗೆ ಬರಲಿಲ್ಲ. ಅಲ್ಲಿ ಇದ್ದದ್ದು ಎರಡೇ ಕಟ್ಟಳೆ: ಗಂಟೆ ಹೊಡೆದರೆ ಓಗೊಡದೆ ಬಿಡಬಾರದು, ಲೈನಿನಲ್ಲಿ ಕೇಳಿದ್ದನ್ನು ಲೈನಿನಾಚೆ ಆಡಬಾರದು. ಎಕ್ಸ್‌ಚೇಂಜು ಮುಚ್ಚಿ ಎಷ್ಟೋ ವರ್ಷವಾಯಿತು. ಕಟ್ಟಳೆ ಮಾತ್ರ ಅಜ್ಜಿಯ ಮೈಯಲ್ಲಿ ಹಾಗೇ ಉಳಿದಿತ್ತು.

"ನಮ್ಮಮ್ಮನ ಹೊಟ್ಟೆಗೆ ಕಲ್ಲು ಹಾಕಿದ್ರೂ ಸದ್ದು ಬರಲ್ಲ," ಎನ್ನುತ್ತಿದ್ದ ಮಗ. ಅವನು ಲಿಫ್ಟ್ ಮೆಕ್ಯಾನಿಕ್. ಬೆಳಿಗ್ಗೆ ಏಳಕ್ಕೆ ಗ್ರೀಸಿನ ವಾಸನೆಯ ಚೀಲ ಹೆಗಲಿಗೇರಿಸಿ ಹೊರಟರೆ ಕತ್ತಲಾಗುವ ಹೊತ್ತಿಗೆ ಬರುವವನು.

ಮೂರನೇ ಮಹಡಿಯ ಆ ಮನೆಯಲ್ಲಿ ಅಡುಗೆಮನೆಗೂ ನಡುಮನೆಗೂ ನಡುವೆ ಮೂರು ಮೊಳದ ಓಣಿ. ಆ ಓಣಿಯಲ್ಲಿ, ಹಳೇ ಹೊಲಿಗೆ ಮಿಷನ್ನಿನ ಮೇಜಿನ ಮೇಲೆ, ಸೊಸೆಯ ಕಂಪ್ಯೂಟರು. ಅವಳು ಕಸೂತಿ ಹಾಕುವ ದೊಡ್ಡ ಮಿಷನ್ನುಗಳಿಗೆ ನಕ್ಷೆ ಬರೆಯುವವಳು. ಶಾಲೆಯ ಲಾಂಛನ, ಹೋಟೆಲಿನ ದಿಂಬಿನ ಮೇಲಿನ ಹೂ, ನರ್ಸುಗಳ ಕೋಟಿನ ಮೇಲಿನ ಹೆಸರು. ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ತಿರುಗಬೇಕು, ಯಾವ ನೂಲು ಮೊದಲು ಎಂದು ಒಂದೊಂದು ಹೊಲಿಗೆಯನ್ನೂ ಪರದೆಯ ಮೇಲೆ ಇಟ್ಟು, ಕಸೂತಿ ಅಂಗಡಿಯ ಯಜಮಾನರಿಗೆ ಮೇಲ್ ಮಾಡುತ್ತಿದ್ದಳು. ಒಂಬತ್ತು ವರ್ಷದ ನಕ್ಷೆಗಳೆಲ್ಲ ಆ ಪೆಟ್ಟಿಗೆಯೊಳಗೆ.

"ಅದನ್ನ ಯಾರೂ ಮುಟ್ಟಬಾರದು" ಅಂದರೆ ಯಾರೂ ಮುಟ್ಟಬಾರದು. ಮೊಮ್ಮಗಳಿಗೆ ಮಾತ್ರ ಸಂಜೆ ಒಂದು ತಾಸು, ಶಾಲೆಯ ಪಾಠಕ್ಕೆ. ಹದಿನಾರರ ಆ ಹುಡುಗಿ ಒಂದು ಕಡೆ ಕೂತಲ್ಲಿ ಕೂರುತ್ತಿರಲಿಲ್ಲ. ಅದಕ್ಕೇ ಎಲ್ಲರ ಬಾಯಲ್ಲೂ ಗುಬ್ಬಿ. ಅಜ್ಜಿಗೆ ಮುಟ್ಟಬೇಡಿ ಎಂದು ಯಾರೂ ಹೇಳಿರಲಿಲ್ಲ. ಅಜ್ಜಿ ಮುಟ್ಟಿಯಾಳು ಎಂದು ಯಾರಿಗೂ ತೋಚಿರಲಿಲ್ಲ, ಅಷ್ಟೆ.

ಆದರೆ ಸೊಸೆ ವಾರಕ್ಕೆ ನಾಲ್ಕು ದಿನ ಅಂಗಡಿಗೆ ಬಟ್ಟೆಯ ಮಾದರಿ ನೋಡಲು ಹೋದಾಗ, ಪಾತ್ರೆ ತೊಳೆದು ಕೈ ಒರೆಸಿಕೊಂಡು, ಅಜ್ಜಿ ಮೆಲ್ಲಗೆ ಆ ಕುರ್ಚಿಯಲ್ಲಿ ಕೂರುತ್ತಿದ್ದಳು. ಹಿಂದಿನಿಂದ ನೋಡಿ ನೋಡಿಯೇ ಕಲಿತ ವಿದ್ಯೆ. ಒಂಟಿಯಾಗಿ ಇಸ್ಪೀಟು ಆಡುತ್ತಿದ್ದಳು. ಗೆದ್ದರೆ ಪರದೆಯ ಮೇಲೆ ಎಲೆಗಳು ಕಾರಂಜಿಯ ಹಾಗೆ ಚಿಮ್ಮುತ್ತಿದ್ದವು. ಅದನ್ನು ನೋಡಲೆಂದೇ ಆಡುತ್ತಿದ್ದಳು.

ಹಾಗೊಂದು ದಿನ ಹನ್ನೊಂದು ಗಂಟೆಗೆ ಎಲೆಗಳು ಮಾಯವಾಗಿ ಪರದೆ ಕೆಂಪಗಾಯಿತು. ಒಳಗಿಂದ ಕೊಂಯ್ ಕೊಂಯ್ ಎಂದು ಗಂಟೆ ಹೊಡೆಯತೊಡಗಿತು. "ನಿಮ್ಮ ಕಂಪ್ಯೂಟರಿಗೆ ಐದು ವೈರಸ್ ತಗುಲಿವೆ. ಬಂದ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ. ಕೂಡಲೇ ಈ ನಂಬರಿಗೆ ಕರೆ ಮಾಡಿ."

ಅಜ್ಜಿಯ ಕೈ ತಾನಾಗಿ ಫೋನಿನ ಮೇಲೆ ಹೋಯಿತು. ಅವಳ ಹಟಕ್ಕೆ ಮನೆಯಲ್ಲಿ ಇನ್ನೂ ಉಳಿದಿದ್ದ ತಂತಿಯ ಫೋನು.

ಎತ್ತಿದವನ ದನಿ ಬೆಣ್ಣೆಯಂತಿತ್ತು. "ಹೆದರಬೇಡಿ ಅಮ್ಮ. ನೀವು ನನ್ನ ತಾಯಿ ಇದ್ದ ಹಾಗೆ. ನಾನು ಹೇಳಿದ್ದನ್ನ ಒತ್ತಿ, ಸಾಕು."

ಅವನು ಹೇಳಿದಂತೆ ಒತ್ತಿದಳು. ಪರದೆ ಏನೋ ಕೇಳಿತು, 'ಹೌದು' ಒತ್ತಿದಳು. ಇನ್ನೊಂದು ಸಲ ಕೇಳಿತು, 'ಹೌದು' ಒತ್ತಿದಳು. ಮೌಸಿನ ಬಾಣ ತಾನಾಗಿ ಓಡಾಡಿತು. ಕೆಂಪು ಹೋಯಿತು.

"ನೋಡಿ, ಬದುಕಿಕೊಂಡಿತು. ಆದ್ರೆ ಇದು ಗುಟ್ಟಿನ ಕೆಲಸ ಅಮ್ಮ. ಯಾರ ಹತ್ರಾನೂ ಆಡಬೇಡಿ. ಹೊರಗಿನ ರಿಪೇರಿಯವರು ನಮ್ಮನ್ನೇ ಕಳ್ಳರು ಅಂತಾರೆ, ಅವರ ಹೊಟ್ಟೆಪಾಡು ಅದು."

"ಲೈನಿನಲ್ಲಿ ಕೇಳಿದ್ದು ಆಚೆ ಹೋಗಲ್ಲಪ್ಪ," ಎಂದಳು ಅಜ್ಜಿ, ಎಷ್ಟೋ ವರ್ಷದ ಮೇಲೆ ಬೆನ್ನು ನೆಟ್ಟಗೆ ಮಾಡಿ.

ನಾಲ್ಕು ದಿನಕ್ಕೆ ಕಂಪ್ಯೂಟರು ಮುದಿ ಎತ್ತಾಯಿತು. ಒಂದು ನಕ್ಷೆ ತೆರೆಯುವಷ್ಟರಲ್ಲಿ ಚಹಾ ಆರುತ್ತಿತ್ತು. ಐದನೇ ದಿನ ಸಂಜೆ ಸೊಸೆ ಒಲೆಯ ಮೇಲೆ ಆಲೂಗಡ್ಡೆ ಬಿಟ್ಟು ಫೋನಿನಲ್ಲಿ ಮಾತಾಡುತ್ತಿದ್ದವಳು ಹಾಗೇ ನೆಲಕ್ಕೆ ಕೂತಳು.

"ಆ ಮೇಲ್ ನಾನು ಕಳಿಸಿಲ್ಲ ಯಜಮಾನ್ರೇ... ನನ್ನ ಹೆಸರಲ್ಲೇ ಬಂದಿದ್ಯಾ? ಎಷ್ಟು ಜನಕ್ಕೆ?... ದಮ್ಮಯ್ಯ, ತೆರೀಬೇಡಿ ಅಂತ ಹೇಳಿ ಅವರಿಗೆಲ್ಲ."

ಆಲೂಗಡ್ಡೆ ಸೀದಿತು. ಸೀದದ್ದನ್ನೇ ಎಲ್ಲರೂ ತಿಂದರು.

ಮಾರನೇ ದಿನ ರಿಪೇರಿಯವನು ಬಂದ. ಕಿವಿಯ ಹಿಂದೆ ಸದಾ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುವ, ಮಾತಿಗೊಮ್ಮೆ ಮೂಗೇರಿಸುವ ಮನುಷ್ಯ. ಎರಡು ತಾಸು ತಡಕಾಡಿದ.

"ಅಕ್ಕಾ, ಇದು ತಾನಾಗಿ ಬಂದ ರೋಗ ಅಲ್ಲ. ಚಿಲಕ ಒಳಗಿಂದ ತೆಗೆದಿದ್ದಾರೆ. ಈ ಪ್ರೋಗ್ರಾಮ್ ಇದ್ರೆ ಎಲ್ಲೋ ಕೂತವನು ಇಲ್ಲಿ ಮೌಸ್ ಆಡಿಸ್ಬಹುದು. ಆ್ಯಂಟಿವೈರಸ್ಸನ್ನೂ ಆರಿಸಿ ಹೋಗಿದ್ದಾನೆ. ಹಾಕಲಾ ಅಂತ ಕೇಳಿದಾಗ ಯಾರೋ ಹೌದು ಅಂದಿದ್ದಾರೆ. ಪೂರ್ತಿ ಅಳಿಸಿ ಹೊಸದಾಗಿ ಹಾಕೋದೇ ಒಳ್ಳೇದು."

"ಈಗ ಆಗಲ್ಲಪ್ಪ, ಆಸ್ಪತ್ರೆ ಕೋಟಿನ ಕೆಲಸ ನಡೀತಿದೆ. ಸದ್ಯಕ್ಕೆ ತೆಗೆದುಹಾಕು."

"ಹೊಸದೇನು ಹಾಕಿದ್ರೂ ಪಾಸ್‌ವರ್ಡ್ ಕೇಳೋ ಹಾಗಾದ್ರೂ ಮಾಡ್ಲಾ? ಪಾಸ್‌ವರ್ಡ್ ಒಬ್ಬರ ಹತ್ರ ಮಾತ್ರ."

"ಘಳಿಗೆಗೊಂದು ಸಲ ಅದನ್ನ ಕುಟ್ತಾ ಕೂತ್ರೆ ಕೆಲಸ ಆದ ಹಾಗೇ. ಬೇಡ."

ಅವನು ತನ್ನ ಕೂಲಿ ತೆಗೆದುಕೊಂಡು, ಇ-ಮೇಲಿನ ಪಾಸ್‌ವರ್ಡ್ ಬದಲಾಯಿಸಲು ಹೇಳಿ ಹೋದ. ಅಡುಗೆಮನೆಯಲ್ಲಿ ಬೀನ್ಸ್ ಸೋಸುತ್ತಿದ್ದ ಅಜ್ಜಿಯ ಕೈ ನಿಂತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಗಾದೆ ನೆನಪಾಗಿ, ಹೆಗಲ ಮೇಲಿನ ಟವೆಲನ್ನು ತೆಗೆದು ಗೂಟಕ್ಕೆ ಹಾಕಿದಳು. ಹೇಳಿಬಿಡಲೇ? ಆದರೆ ರಿಪೇರಿಯವನು ಹೀಗೇ ಅನ್ನುತ್ತಾನೆಂದು ಆ ಬೆಣ್ಣೆ ದನಿಯವನು ಮೊದಲೇ ಹೇಳಿರಲಿಲ್ಲವೇ? ಇಬ್ಬರಲ್ಲಿ ಸುಳ್ಳಾಡಿದವರು ಯಾರು?

ಅವಳು ತೂಗಿ ನೋಡುವಷ್ಟರಲ್ಲಿ ಸೊಸೆ ಮಗಳನ್ನು ಹಿಡಿದಾಗಿತ್ತು.

"ಏನೇನು ಇಳಿಸಿಕೊಂಡೆ? ಹಾಡಾ, ಸಿನಿಮಾನಾ?"

"ಅಮ್ಮಾ, ನಾನು ಏನೂ ಒತ್ತಿಲ್ಲ!"

"ಮನೇಲಿ ಇನ್ಯಾರಿದ್ದಾರೆ ಒತ್ತೋರು? ನಿಮ್ಮಪ್ಪ ಲಿಫ್ಟ್ ಬಟನ್ ಬಿಟ್ರೆ ಬೇರೇದು ಒತ್ತಲ್ಲ. ಅಜ್ಜಿ ಒತ್ತಿದ್ರಾ?"

ಗುಬ್ಬಿಗೆ ಆ ಸಿಟ್ಟಿನಲ್ಲೂ ನಗು ಬಂತು. ಸೊಸೆಗೂ ಬಂತು. ಅಜ್ಜಿ ಬೀನ್ಸಿನ ನಾರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

ಮುಂದಿನ ವಾರ, ಹನ್ನೊಂದಕ್ಕೆ, ಫೋನೇ ಹೊಡೆಯಿತು.

"ಅಮ್ಮ, ನಮ್ಮ ಕಾವಲನ್ನ ಯಾರೋ ಕಿತ್ತುಹಾಕಿದ್ದಾರೆ. ಮನೇಲಿ ಚಿಕ್ಕ ವಯಸ್ಸಿನೋರು ಇದ್ದಾರಾ?"

"ಮೊಮ್ಮಗಳಿದ್ದಾಳೆ."

"ಹಾಂ. ಅದೇ ಮೂಲ ನೋಡಿ. ಮಕ್ಕಳು ಏನೇನೋ ತೆರೀತಾರೆ, ಕೇಳಿದ್ರೆ ಇಲ್ಲ ಅಂತಾರೆ. ಕೂತ್ಕೊಳ್ಳಿ, ಮತ್ತೆ ಹಾಕೋಣ."

ಅಜ್ಜಿ ಒಂದು ಗಳಿಗೆ ತಡೆದಳು. ಆಮೇಲೆ ಕೂತಳು. 'ಹೌದು' ಒತ್ತಿದಳು. ಮೂಲ ಗುಬ್ಬಿಯೇ ಆದರೆ ತನ್ನ ಮೇಲೆ ತಪ್ಪಿಲ್ಲವಲ್ಲ. ಆ ಮಾತು ಬಿಸಿಲಿಗೆ ಕಾದ ಕಂಬಳಿಯಷ್ಟು ಹಿತವಾಗಿತ್ತು, ಹೊದ್ದುಕೊಂಡಳು.

ಈ ಸಲ ಅಂಗಡಿಯ ಕಂಪ್ಯೂಟರೇ ಮಲಗಿತು. ಸೊಸೆ ಕಳಿಸಿದ ಲಾಂಛನದ ಬೆನ್ನಿಗೇ ಅವಳ ವಿಳಾಸದಿಂದ ಇನ್ನೊಂದು ಮೇಲ್ ಹೋಗಿತ್ತು. 'ತಿದ್ದಿದ ನಕ್ಷೆ' ಎಂದು ಇದ್ದುದರಿಂದ ಯಜಮಾನರು ತೆರೆದಿದ್ದರು. ಹನ್ನೆರಡು ಸೂಜಿಯ ಮಿಷನ್ನು ಎರಡು ದಿನ ನಿಂತಿತು.

"ಯಜಮಾನ್ರು ಏನಂದ್ರು?" ಎಂದು ಮಗ ಊಟಕ್ಕೆ ಕೂತು ಕೇಳಿದ.

"ನಿನ್ನ ಮನೆಯಿಂದ ಒಂದು ಸೂಜಿಮೊನೆಯಷ್ಟೂ ಕಳಿಸಬೇಡ ಅಂದ್ರು. ಅಂಗಡಿಗೇ ಬಂದು, ಮೂಲೇಲಿರೋ ಹಳೇ ಕಂಪ್ಯೂಟರಲ್ಲಿ ಬರೀಬೇಕಂತೆ. ಕೂರೋಕೆ ಸ್ಟೂಲೂ ಇಲ್ಲ. ಆಸ್ಪತ್ರೆ ಕೋಟು ಮುಗಿಯೋವರೆಗೆ ನೋಡ್ತೀನಿ, ಆಮೇಲೆ ಬೇರೆಯೋರನ್ನ ಹುಡುಕ್ತೀನಿ ಅಂದ್ರು." ಅವಳು ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದಳು, ಬಾಯಿಗಿಡಲಿಲ್ಲ. "ಒಂಬತ್ತು ವರ್ಷ ಕಣ್ಣು ಸುಟ್ಕೊಂಡಿದ್ದೀನಿ."

"ರಿಪೇರಿಯವನು?"

"ಅದೇ ಪ್ರೋಗ್ರಾಮ್ ಮತ್ತೆ ಬಂದಿದೆ ಅಂದ. ಮಂಗಳವಾರ ಹಗಲು ಹೊತ್ತು ಹಾಕಿದ್ದಾರಂತೆ."

"ಮಂಗಳವಾರ ನಾನು ಶಾಲೇಲಿದ್ದೆ!" ಎಂದಳು ಗುಬ್ಬಿ.

"ಹೋಗೋ ಮುಂಚೆ ಏನು ಮಾಡಿಟ್ಟು ಹೋಗ್ತೀಯೋ ನಿಂಗೇ ಗೊತ್ತು. ತಾನಾಗಿ ಹೊತ್ತಿಗೆ ಸರಿಯಾಗಿ ಶುರುವಾಗೋ ಹಾಗೆ ಇಡಬಹುದಂತೆ."

"ಅಜ್ಜಿ, ನೀನು ಮನೇಲೇ ಇರ್ತೀಯಲ್ಲ. ನಾನು ಸಂಜೆ ಪಾಠ ಬಿಟ್ಟು ಬೇರೇನಾದ್ರೂ ಮಾಡ್ತೀನಾ, ನೀನೇ ಹೇಳು."

ಮೂವರ ಕಣ್ಣೂ ಅಜ್ಜಿಯ ಮೇಲೆ ಬಂತು. ನೀರಿನ ಲೋಟ ಎತ್ತಿದಳು, ಇಟ್ಟಳು.

"ನಂಗೇನು ಗೊತ್ತು ಅದೆಲ್ಲ," ಎಂದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾಲಿಗೆ ಇನ್ನೊಂದು ಹೆಜ್ಜೆ ಇಟ್ಟಿತು. "ಈ ವಯಸ್ಸಿನ ಹುಡುಗಿಯರ ಕೈ ಸುಮ್ನಿರಲ್ಲ, ಅಷ್ಟೇ."

ಗುಬ್ಬಿ ಚಮಚ ಕೆಳಗಿಟ್ಟಳು. "ನೀನೂ ಸೇರ್ಕೊಂಡ್ಯಾ."

ತೀರ್ಮಾನ ಆ ರಾತ್ರಿಯೂಟದಲ್ಲೇ ಆಯಿತು. ಊರಿನ ಇನ್ನೊಂದು ತುದಿಯಲ್ಲಿರುವ ಸೋದರತ್ತೆಯ ಮನೆಗೆ ಗುಬ್ಬಿಯನ್ನು ಪರೀಕ್ಷೆ ಮುಗಿಯುವತನಕ ಕಳಿಸುವುದು. ಅಲ್ಲಿಂದ ಶಾಲೆಗೆ ಎರಡು ಬಸ್ಸು. ಶನಿವಾರ ಮಗನಿಗೆ ಅರ್ಧ ದಿನ ರಜೆ. ಅವನೇ ಬಿಟ್ಟು ಬರುವುದು.

"ಕೆಲಸ ಉಳಿದ್ರೆ ತಾನೇ ಮನೆ ಉಳಿಯೋದು," ಎಂದಳು ಸೊಸೆ, ಯಾರ ಮುಖವನ್ನೂ ನೋಡದೆ.

ಆ ವಾರ ಗುಬ್ಬಿ ತನ್ನ ತಟ್ಟೆ ತಾನೇ ತೊಳೆದಳು, ತನ್ನ ಬಟ್ಟೆ ತಾನೇ ಒಗೆದಳು, ಅಜ್ಜಿಯ ಹಾಸಿಗೆಯ ಪಕ್ಕದಿಂದ ತನ್ನ ದಿಂಬನ್ನು ನಡುಮನೆಗೆ ಒಯ್ದಳು. ನೀಲಿ ಬ್ಯಾಗು ಒಳಕೋಣೆಯ ಬಾಗಿಲ ಬಳಿ ದಿನಕ್ಕಿಷ್ಟು ದಿನಕ್ಕಿಷ್ಟು ಉಬ್ಬಿತು. ಕಪಾಟಿನಲ್ಲಿ ಅವಳ ಹ್ಯಾಂಗರುಗಳು ಬರಿದಾಗಿ ನೇತಾಡಿದವು. ಅಜ್ಜಿ ತನ್ನ ಎರಡು ಸ್ವೆಟರನ್ನು ಅವಕ್ಕೆ ಹಾಕಿದಳು. ಬರೀ ಹ್ಯಾಂಗರು ನೋಡಲಾರದೆ.

ಶುಕ್ರವಾರ ಹನ್ನೊಂದಕ್ಕೆ ಫೋನಿನ ಗಂಟೆ ಹೊಡೆಯಿತು. ಎರಡನೇ ಗಂಟೆ ಮುಗಿಯುವ ಮೊದಲೇ ಎತ್ತಿದಳು.

"ಅಮ್ಮ, ಇವತ್ತು ಕೊನೇ ಕೆಲಸ. ನಿಮ್ಮ ಸೊಸೆ ಇ-ಮೇಲಿನ ಹೊಸ ಪಾಸ್‌ವರ್ಡ್ ಎಲ್ಲಾದ್ರೂ ಬರೆದಿಟ್ಟಿರ್ತಾರೆ, ನೋಡಿ ಹೇಳ್ತೀರಾ?"

ಕಪಾಟಿನ ಬಾಗಿಲ ಒಳಗೆ ಅಂಟಿಸಿದ ಚೀಟಿ ಅಜ್ಜಿಗೆ ಗೊತ್ತಿತ್ತು. "ಅದ್ಯಾಕಪ್ಪ?"

"ರಕ್ಷಣೆಗೆ ಅಮ್ಮ. ಒಂದ್ನಿಮಿಷ, ಲೈನಲ್ಲೇ ಇರಿ."

ಅವನು ಫೋನನ್ನು ಎಲ್ಲೋ ಇಟ್ಟ ಸದ್ದು. ದನಿ ಮುಚ್ಚುವ ಮ್ಯೂಟ್ ಗುಂಡಿ ಒತ್ತಲು ಮರೆತಿದ್ದ. ಬೇರೆ ಯಾರಾದರೂ ಆಗಿದ್ದರೆ ಗಲಗಲ ಎಂದುಕೊಂಡು ಬಿಡುತ್ತಿದ್ದರು. ಆದರೆ ಇದು ಇಪ್ಪತ್ತು ದನಿಗಳ ಸಂತೆಯೊಳಗಿಂದ ಒಂದೇ ಎಳೆ ಹಿಡಿದು ತೆಗೆಯುತ್ತಿದ್ದ ಕಿವಿ. ದೊಡ್ಡ ಹಜಾರ ಅದು. ಸಾಲು ಸಾಲು ಕುರ್ಚಿ. ತಾನು ಕೂತಿದ್ದಂಥದೇ ಹಜಾರ.

ಅವಳ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತು ಬಾಯಿ ಇಪ್ಪತ್ತು ನಂಬರು ಹೇಳುತ್ತಿದ್ದವು. ಇಲ್ಲಿ ಇಪ್ಪತ್ತು ಬಾಯಿಯೂ ಒಂದೇ ಮಾತು ಆಡುತ್ತಿದ್ದವು.

"ಹೆದರಬೇಡಿ ಅಮ್ಮ..." ಎಡಗಡೆಯವನು.

"ಯಾರ ಹತ್ರಾನೂ ಆಡಬೇಡಿ ಅಂಕಲ್..." ಹಿಂದಿನ ಸಾಲಿನ ಹೆಣ್ಣುದನಿ.

"ನೀವು ನನ್ನ ತಾಯಿ ಇದ್ದ ಹಾಗೆ." ಬಲಗಡೆ. "ನೀವು ನನ್ನ ತಾಯಿ ಇದ್ದ ಹಾಗೆ." ಅದರಾಚೆ. "ನನ್ನ ತಾಯಿ ಇದ್ದ ಹಾಗೆ, ಅಮ್ಮ." ಇನ್ನೂ ಆಚೆ.

ಊರಿನಲ್ಲಿ ಎಷ್ಟು ತಾಯಂದಿರು ಈಗ, ಈ ಹೊತ್ತಿನಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೋ!

"ಹಾಂ ಅಮ್ಮ, ಸಿಕ್ತಾ?" ಬೆಣ್ಣೆ ಮರಳಿ ಬಂತು.

"ನಿಮ್ಮ ಹಜಾರದಲ್ಲಿರೋರಿಗೆಲ್ಲ ಒಟ್ಟು ಎಷ್ಟು ಜನರಪ್ಪ ತಾಯಂದಿರು?"

"ಅಮ್ಮ, ಲೈನ್ ಕಟ್ ಮಾಡಬೇಡಿ, ಮಾಡಿದ್ರೆ ನಿಮ್ಮ ಸೊಸೆಯದು ಎಲ್ಲಾ—"

ಮೂವತ್ತೊಂದು ವರ್ಷದಲ್ಲಿ ಮಾತಾಡುವವರ ಲೈನನ್ನು ತಾನಾಗಿ ಒಂದು ಸಲವೂ ಕಡಿದವಳಲ್ಲ. ಕಡಿದಳು. ಆಮೇಲೆ ಮೇಜಿನ ಕೆಳಗೆ ಬಗ್ಗಿ, ಕಂಪ್ಯೂಟರಿನ ವಯರು, ಇಂಟರ್‌ನೆಟ್ ಡಬ್ಬಿಯ ವಯರು, ಕೈಗೆ ಸಿಕ್ಕ ವಯರನ್ನೆಲ್ಲ ಕಿತ್ತಳು. ಒಲೆಯ ಮೇಲಿನ ದೀಪವೂ ಆರಿತು. ಆರಲಿ.

ಚಪ್ಪಲಿ ಮೆಟ್ಟಿ, ಅಂಗಡಿಯ ತನಕ ನಡೆದೇ ಹೋದಳು. ಒಳಗೆ ಹನ್ನೆರಡು ಸೂಜಿ ಒಟ್ಟಿಗೆ ಕುಟ್ಟುವ ಗದ್ದಲಕ್ಕೆ ನೆಲವೇ ನಡುಗುತ್ತಿತ್ತು. ಮೂಲೆಯಲ್ಲಿ ಸೊಸೆ ನಿಂತುಕೊಂಡೇ, ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸುತ್ತ ನಕ್ಷೆ ಬರೆಯುತ್ತಿದ್ದಳು.

"ಅತ್ತೇ? ಏನಾಯ್ತು? ಯಾರಿಗೇನಾಯ್ತು?"

"ಗುಬ್ಬಿ ಅಲ್ಲ ಕಣೇ!"

"ಏನಾಯ್ತು ಗುಬ್ಬಿಗೆ?"

"ಗುಬ್ಬಿ ಅಲ್ಲ, ಅಂದೆ!"

"ಕೇಳಿಸ್ತಿಲ್ಲ, ಜೋರಾಗಿ ಹೇಳಿ!"

ಅಜ್ಜಿ ಎದೆ ತುಂಬ ಉಸಿರೆಳೆದುಕೊಂಡಳು. ಅದೇ ಗಳಿಗೆಗೆ ಏಳನೇ ಸೂಜಿಯ ನೂಲು ಹರಿದು ಮಿಷನ್ನು ತಾನಾಗಿ ನಿಂತಿತು.

"ನಾನೇ ಕಳ್ಳರನ್ನ ಒಳಗೆ ಬಿಟ್ಟಿದ್ದು! ಎರಡು ಸಲ!"

ಗೋಡೆಗೆ ಬಡಿದು ಮಾತು ಮರಳಿ ಬಂತು. ಗುಂಡಿ ಹೊಲಿಯುತ್ತಿದ್ದ ಇಬ್ಬರು ತಲೆ ಎತ್ತಿದರು. ಯಜಮಾನರು ಕನ್ನಡಕ ಹಣೆಗೇರಿಸಿದರು. ಅಜ್ಜಿ ಇಸ್ಪೀಟಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮೂವತ್ತೊಂದು ವರ್ಷದ ಬಾವಿ ತಳ ಕಾಣುವ ತನಕ.

ಸೊಸೆ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ಆವತ್ತು ಊಟಕ್ಕೆ ಕೂತಾಗ, ಹುಡುಗಿಯರ ಕೈ ಸುಮ್ನಿರಲ್ಲ ಅಂದ್ರಲ್ಲ."

"ಅಂದೆ."

"ಗೊತ್ತಿದ್ದೂ ಅಂದ್ರಾ?"

"ಅರ್ಧ ಗೊತ್ತಿತ್ತು."

"ಅರ್ಧ ಗೊತ್ತಿರೋರು ಬಾಯಿ ಮುಚ್ಕೊಂಡಿರ್ಬೇಕು ಅತ್ತೆ."

"ಮುಚ್ಕೊಂಡಿದ್ದಕ್ಕೇ ಇಷ್ಟೂ ಆಗಿದ್ದು ಕಣಮ್ಮ."

ಯಜಮಾನರು ಕೆಮ್ಮಿದರು. "ಜಗಳ ಮನೇಲಿ ಆಡ್ಕೊಳ್ಳಿ. ಪಾಸ್‌ವರ್ಡ್ ಕೊಟ್ಟಿಲ್ಲ ತಾನೇ ಅಜ್ಜಿ? ಸರಿ. ಎಲ್ಲಿಂದ ಬಂತು ಅಂತ ತಿಳೀತಲ್ಲ, ಅಷ್ಟು ಸಾಕು. ಬಾಗಿಲು ಎಲ್ಲಿದೆ ಅಂತ ಗೊತ್ತಾದ್ರೆ ಮುಚ್ಚಬಹುದು. ಮನೆಯದನ್ನ ಪೂರ್ತಿ ತೊಳೆಸಮ್ಮ. ತೊಳೆಸಿದ ಮೇಲೆ ಯೋಚಿಸ್ತೀನಿ." ಹೊಸ ನೂಲು ಪೋಣಿಸಿದರು. ಮಿಷನ್ನು ಮತ್ತೆ ಕುಟ್ಟತೊಡಗಿತು.

ಶನಿವಾರ ಗುಬ್ಬಿ ಹೋಗಲಿಲ್ಲ. ಆದರೆ ಬ್ಯಾಗನ್ನೂ ಬಿಚ್ಚಲಿಲ್ಲ.

"ಬಿಚ್ಚೇ," ಎಂದ ಅಪ್ಪ.

"ಇರ್ಲಿ. ನಾಳೆ ಮಿಕ್ಸಿ ಕೆಟ್ರೆ ಮತ್ತೆ ತುಂಬ್ಬೇಕಾಗತ್ತೆ."

ಮಿಕ್ಕ ಮೂವರೂ ಆ ಬ್ಯಾಗನ್ನು ದಾಟಿಕೊಂಡೇ ಓಡಾಡಿದರು. ಸೊಸೆ ಮಗಳ ತಟ್ಟೆಗೆ ಎರಡು ಮೊಟ್ಟೆ ಇಟ್ಟಳು. ಮಗಳು ಒಂದನ್ನು ವಾಪಸು ಸರಿಸಿದಳು. ಅಜ್ಜಿ "ತಪ್ಪಾಯ್ತು ಗುಬ್ಬಿ" ಎಂದಳು. "ಗೊತ್ತು," ಎಂದು ಅವಳು ಪುಸ್ತಕ ತಿರುವಿದಳು. "ನಾನು ಕೇಳಿದಾಗ ಹೇಳ್ಬೇಕಿತ್ತು."

ರಿಪೇರಿಯವನು ಬಂದು ಕಂಪ್ಯೂಟರನ್ನು ಬುಡದಿಂದ ತೊಳೆದ. ಹಳೇ ನಕ್ಷೆಗಳು ಬೇರೆ ಡಿಸ್ಕಿನಲ್ಲಿ ಉಳಿದವು. ಆಸ್ಪತ್ರೆಯ ಲಾಂಛನ ಉಳಿಯಲಿಲ್ಲ. ಸೊಸೆ ಮಾದರಿ ಕೋಟನ್ನು ಮಡಿಲಲ್ಲಿಟ್ಟುಕೊಂಡು ಮೂರು ದಿನ ಕೂತು ಅದನ್ನು ಮತ್ತೆ ಬರೆದಳು. ಆ ಮೂರು ದಿನ ಅಡುಗೆ, ಪಾತ್ರೆ, ಬಟ್ಟೆ ಎಲ್ಲ ಅಜ್ಜಿಯ ಪಾಲು. ಯಾರೂ ಹೇಳಿರಲಿಲ್ಲ.

"ಈಗ ಪಾಸ್‌ವರ್ಡ್ ಕೇಳೋ ಹಾಗೆ ಮಾಡ್ಲಾ ಅಕ್ಕಾ?" ಎಂದ ರಿಪೇರಿಯವನು ಮೂಗೇರಿಸುತ್ತ. "ಯಾರ ಹತ್ರ ಇರ್ಲಿ?"

ಸೊಸೆ ಪರದೆ ಬಿಟ್ಟು ಕಣ್ಣೆತ್ತಲಿಲ್ಲ. "ಅತ್ತೆ ಹತ್ರ."

"ಅಜ್ಜಿ ಹತ್ರಾನಾ!"

"ಅವರಿಗೆ ಗುಟ್ಟು ಇಟ್ಕೊಳ್ಳೋಕೆ ಬರತ್ತಲ್ಲ. ಯಾರದ್ದು ಇಟ್ಕೋಬೇಕು ಅನ್ನೋದು ಈಗ ಕಲ್ತಿರ್ತಾರೆ. ಮನೇಲಿ ಏನೇ ಹೊಸದು ಹಾಕೋದಾದ್ರೂ ನಾನೂ ಅವರನ್ನೇ ಕೇಳ್ತೀನಿ." ಮುಳ್ಳಿತ್ತು ಆ ಮಾತಿನಲ್ಲಿ. ಮುಳ್ಳಿನ ತುದಿಗೆ ಒಂದಿಷ್ಟು ಬೇರೇನೋ ಇತ್ತು. ಅಜ್ಜಿ ಎರಡನ್ನೂ ನುಂಗಿದಳು.

ಕೋಟುಗಳು ಆಸ್ಪತ್ರೆಗೆ ಹೋದವು. ಯಜಮಾನರು ಸೊಸೆಗೆ ಮತ್ತೆ ಮನೆಯಿಂದ ಒಂದು ನಕ್ಷೆ ಕಳಿಸಲು ಹೇಳಿದರು. ಒಂದೇ, ಚಿಕ್ಕದು, ಕರವಸ್ತ್ರದ್ದು.

ಆ ಭಾನುವಾರ ಎಲ್ಲರೂ ಮನೆಯಲ್ಲಿದ್ದರು. ಮಗ ಕಿಟಕಿಯ ಕೀಲಿಗೆ ಎಣ್ಣೆ ಬಿಡುತ್ತಿದ್ದ. ಸೊಸೆ ಓಣಿಯಲ್ಲಿ, ಗುಬ್ಬಿ ಒಳಕೋಣೆಯಲ್ಲಿ. ಅಜ್ಜಿ ಆಲೂಗಡ್ಡೆ ಹೆರೆಯುತ್ತಿದ್ದಳು. ಹನ್ನೊಂದು ಹೊಡೆಯಿತು. ಫೋನೂ ಹೊಡೆಯಿತು.

ಎಣ್ಣೆ ಡಬ್ಬಿ ಅಲ್ಲೇ ನಿಂತಿತು. ಯಾರೂ ಅಲುಗಲಿಲ್ಲ. ನೆಂಟರಿಷ್ಟರೆಲ್ಲ ಮೊಬೈಲಿಗೇ ಮಾಡುವವರು. ಆ ಫೋನಿಗೆ ಕರೆಯುವವನು ಒಬ್ಬನೇ.

ಎರಡು. ಮೂರು. ಅಜ್ಜಿಯ ಎಡಗೈ ಮೊಣಕಾಲಿನಿಂದ ಎದ್ದಿತು. ಅವಳು ಅದರಲ್ಲಿ ಇನ್ನೊಂದು ಆಲೂಗಡ್ಡೆ ಇಟ್ಟಳು. ನಾಲ್ಕು. ಐದು. ಸಿಪ್ಪೆ ಉದ್ದಕ್ಕೆ ಸುರುಳಿಯಾಗಿ ಇಳಿಯಿತು. ಆರು. ಗಂಟೆ ತಲೆಯೊಳಗೇ ಹೊಡೆಯುತ್ತಿತ್ತು, ಮೂವತ್ತೊಂದು ವರ್ಷದ ಅಷ್ಟೂ ಗಂಟೆ. ಏಳು. ಎಂಟು. ಒಂಬತ್ತು.

ನಿಂತಿತು.

ಮನೆ ಉಸಿರು ಬಿಟ್ಟಿತು. ಒಳಕೋಣೆಯಿಂದ ಬ್ಯಾಗಿನ ಜಿಪ್ಪು ಎಳೆದ ಸದ್ದು ಬಂತು, ಉದ್ದಕ್ಕೆ, ಒಂದು ತುದಿಯಿಂದ ಇನ್ನೊಂದು ತುದಿಗೆ. ಕಪಾಟು ಕಿರುಗುಟ್ಟಿತು.

"ಯಾರು," ಎಂದು ಗುಬ್ಬಿ ಅಲ್ಲಿಂದಲೇ ಕೂಗಿದಳು, "ನನ್ನ ಹ್ಯಾಂಗರಿಗೆ ಸ್ವೆಟರ್ ಹಾಕಿರೋದು?"

"ನಾನೇ," ಎಂದಳು ಅಜ್ಜಿ.